ಅವರ ಹೆಸರಿನಲ್ಲಿ ಬಂದ ಕಾಗದ

ಆ ದಿನ ಬೆಳಿಗ್ಗೆ ನಾನು ಹಸು ಹೊಡೆದುಕೊಂಡು ಹೋದಾಗ ಅವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ಮೈಮೇಲೆ ತೋಳಿನ ಬನಿಯನ್ನು, ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಜಾರಿಬಿದ್ದ ಒಂದು ಕಾಳನ್ನು ಹಸು ಬಗ್ಗಿ ತಿಂದಿತು. ಅವರು ಇನ್ನೊಂದು ಹಿಡಿ ತೆಗೆದು ಅದರ ಮುಂದೆ ಹಾಕಿದರು. ಒಳಗಿನಿಂದ ಅಮ್ಮಾವರು, ಹಿತಕಿದ ಬೇಳೆ ಮನೆಯವರಿಗೋ ಬೀದಿಯವರಿಗೋ ಎಂದು ಕೇಳಿದರು. ಅವರು ಇನ್ನೊಂದು ಕಾಳು ಹಿತುಕಿದರು. ಹಸುವಿನ ಹಿಂಗಾಲಿನ ಗಾಯ ಮಾಯಿತೇ ಎಂದು ನನ್ನನ್ನು ಕೇಳಿದರು. ಮಾಯಿತು ಎಂದೆ. ಬಗ್ಗಿ ತಾವೇ ನೋಡಿ, ಇನ್ನೂ ಎರಡು ದಿನ ಅರಿಸಿನ ಹಚ್ಚಬೇಕು ಎಂದರು. ನಾನು ಒಂದು ಸೇರು ಕರೆದುಕೊಟ್ಟು, ನಾಳೆ ನೆಂಟರು ಬರುತ್ತಾರೆ, ಅರ್ಧ ಸೇರು ಹೆಚ್ಚಿಗೆ ಬೇಕು ಎಂಬ ಮಾತು ಕೇಳಿಸಿಕೊಂಡು ಹೊರಟೆ.

ಮಾರನೆಯ ದಿನ ಹಸುವನ್ನು ಗೇಟಿನ ಹತ್ತಿರವೇ ಪೊಲೀಸಿನವನು ತಡೆದ. ಒಳಗೆ ಬಾವುಟ ಕಟ್ಟಿದ ಕಾರು ನಿಂತಿತ್ತು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಅವರು ಹಂಗಾಮಿ ರಾಜ್ಯಪಾಲರಾಗಿದ್ದರು.

ಅವರು ತೀರಿಕೊಂಡು ಈಗ ಒಂದು ತಿಂಗಳಾಯಿತು. ಪತ್ರಿಕೆಗಳಲ್ಲಿ ಆ ಬಾವುಟದ ಕಾರಿನ ಪಕ್ಕ ನಿಂತಿರುವ ಚಿತ್ರವನ್ನೇ ಎಲ್ಲರೂ ಹಾಕಿದ್ದಾರೆ. ಅವರು ಆ ಕಾರಿನಲ್ಲಿ ಓಡಾಡಿದ್ದು ಮೂರೇ ತಿಂಗಳು. ನಾನು ಅವರನ್ನು ನೋಡಿದ್ದು ಹನ್ನೆರಡು ವರ್ಷ.

ನಮ್ಮ ಊರು ಯಡಿಯೂರು ಕೆರೆಯಿಂದ ಆಚೆ. ಜಯನಗರದ ಬಡಾವಣೆ ಆಗ ಒಂದೊಂದೇ ಮನೆಯಾಗಿ ನಮ್ಮ ಹೊಲಗಳ ಕಡೆಗೆ ಬರುತ್ತಿತ್ತು. ಅವರಿಗೆ ಸರ್ಕಾರಿ ಬಂಗಲೆ ಸಿಗುತ್ತಿತ್ತು. ಅದನ್ನು ಬಿಟ್ಟು ಸ್ವಂತ ಸೈಟಿನಲ್ಲಿ ಸಣ್ಣ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಮುಂಚೆ ಆ ಸೈಟು ಮೊದಲು ಯಾರ ಹೊಲವಾಗಿತ್ತು ಎಂದು ವಿಚಾರಿಸಿ, ನಮ್ಮ ದೊಡ್ಡಮಾವನದು ಎಂದು ತಿಳಿದುಕೊಂಡು, ತಾವೇ ನಡೆದು ಬಂದು ಊಟಕ್ಕೆ ಕರೆದರು. ದೊಡ್ಡಮಾವ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ. ಕೊನೆಗೆ ಹೋದ. ಮೊದಲ ಪಂಕ್ತಿಯಲ್ಲಿ ಕೂರಿಸಿದರಂತೆ. ವಾಪಸು ಬಂದವನು, ಪಾಯಸ ಚೆನ್ನಾಗಿತ್ತು, ಅಡುಗೆಮನೆ ಇರುವುದು ನಮ್ಮ ಹುರುಳಿ ಚೆನ್ನಾಗಿ ಬರುತ್ತಿದ್ದ ಜಾಗದಲ್ಲಿ ಎಂದಷ್ಟೇ ಹೇಳಿದ. ಆ ಪರಿಚಯದ ಮೇಲೆ ನಾನು ಅವರ ಮನೆಗೆ ಹಾಲು ಹಾಕಲು ಶುರುಮಾಡಿದೆ.

ಆಗೆಲ್ಲ ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಹೋಗಿ, ಕಣ್ಣೆದುರಿಗೇ ಕರೆದುಕೊಡಬೇಕಿತ್ತು. ಆದರೂ ಕೆಲವು ಮನೆಯವರು ಚೊಂಬಿನೊಳಗೆ ಮೊದಲೇ ನೀರಿದೆಯೇ ಎಂದು ಬಗ್ಗಿಸಿ ನೋಡುತ್ತಿದ್ದರು. ಒಂದು ಸಲ ಅಮ್ಮಾವರಿಗೂ ಅನುಮಾನ ಬಂತು. ಹಾಲು ತೆಳ್ಳಗಿದೆ ಎಂದರು. ಅವರು ಪತ್ರಿಕೆಯಿಂದ ತಲೆಯೆತ್ತಿ, "ಒಂದು ಕಡೆ ಮಾತು ಕೇಳಿ ಹೇಗೆ ಹೇಳೋದು? ಗೌರಮ್ಮನವರದ್ದೂ ಕೇಳೋಣ, ಹಸೂದೂ ಕೇಳೋಣ" ಎಂದರು. ಮಳೆ ಬಿದ್ದು ಎಳೆ ಹುಲ್ಲು ಬಂದಿದೆ, ಅದನ್ನು ಮೇಯ್ದರೆ ಹಾಲು ಹಾಗೇ ಆಗುತ್ತದೆ ಎಂದು ನಾನು ಹೇಳಿದೆ. ಸರಿ ಎಂದು ಮತ್ತೆ ಪತ್ರಿಕೆ ಹಿಡಿದರು. ಅವರು ನನ್ನನ್ನು ಗೌರಮ್ಮನವರು ಎಂದು ಕರೆಯುವುದನ್ನು ಕೇಳಿ ನಮ್ಮತ್ತೆ ಮೂರು ದಿನ ನಕ್ಕಿದ್ದಳು.

ಅವರ ಜೊತೆ ಕೋರ್ಟಿನಿಂದ ಬರುತ್ತಿದ್ದ ದಫೇದಾರರು ಆಗಾಗ ಅಲ್ಲಿನ ವಿಷಯ ಹೇಳುತ್ತಿದ್ದರು. ಕಳ್ಳತನ ಮಾಡಿದವನಿಗೂ ನೀವು ಎಂದೇ ಮಾತಂತೆ. ತೀರ್ಪು ಇಂಗ್ಲಿಷಿನಲ್ಲಿ ಓದಿ ಮುಗಿದ ಮೇಲೆ, ಸೋತವನು ಹಳ್ಳಿಯವನಾಗಿದ್ದು ಅಲ್ಲೇ ಇದ್ದರೆ, ನಿಲ್ಲಿಸಿಕೊಂಡು ಯಾಕೆ ಸೋತದ್ದು ಎಂದು ಕನ್ನಡದಲ್ಲಿ ಹೇಳುತ್ತಿದ್ದರಂತೆ. ವಕೀಲರಿಗೆ ಬೇಸರ, ಊಟದ ಹೊತ್ತು ಮೀರುತ್ತದೆ. ಗೆದ್ದವನಿಗೆ ಏನೂ ಹೇಳುತ್ತಿರಲಿಲ್ಲ, ಅವನಿಗೆ ಅರ್ಥ ಆಗದೇ ಇದ್ದರೂ ನಡೆಯುತ್ತದೆ ಎನ್ನುತ್ತಿದ್ದರಂತೆ.

ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವುದು, ಬೂಟು ತಾವೇ ಒರೆಸಿಕೊಳ್ಳುವುದು, ಔಷಧಿ ಸೀಸೆಯ ಚೀಟಿಯನ್ನೂ ಮೊದಲಿನಿಂದ ಕೊನೆಯವರೆಗೆ ಓದುವುದು, ಹೀಗೆ ನೂರು ನೆನಪಾಗುತ್ತವೆ. ಓದದೆ ಯಾವುದಕ್ಕೂ ಸಹಿ ಹಾಕುತ್ತಿರಲಿಲ್ಲ. ಒಂದು ರಿಜಿಸ್ಟರ್ ಟಪಾಲು ತಂದ ಪೋಸ್ಟಿನವನು ಅವರು ಸಹಿ ಹಾಕುವಷ್ಟರಲ್ಲಿ ನಮ್ಮ ಹಸುವಿನ ಜೊತೆ ಚೆನ್ನಾಗಿ ಪರಿಚಯ ಮಾಡಿಕೊಳ್ಳುತ್ತಿದ್ದ.

ಅಂಥವರು ರಾಜ್ಯಪಾಲರಾದರು. ಇದ್ದವರು ಹೋಗಿ ಹೊಸಬರು ಬರುವವರೆಗೆ ಮಾತ್ರ. ಎರಡು ಮೂರು ತಿಂಗಳಿಗೆ ಮನೆ ಬದಲಾಯಿಸುವುದೇಕೆ ಎಂದು ಜಯನಗರದಲ್ಲೇ ಉಳಿದರು. ಮೊದಲ ದಿನ ಗೇಟಿನಲ್ಲಿ ನಿಂತಿದ್ದ ನನ್ನನ್ನು ನೋಡಿ ಹೊರಗೆ ಬಂದು, ಪೊಲೀಸಿನವನಿಗೆ, "ಈ ಹಸು ನನಗಿಂತ ಮುಂಚಿನಿಂದ ಇಲ್ಲಿ ಓಡಾಡ್ತಿದೆಯಪ್ಪ, ಬಿಡಿ" ಎಂದರು. ಅವನು ಹಸುವಿಗೂ ಸಲಾಮು ಹೊಡೆಯುವವನ ಹಾಗೆ ಪಕ್ಕಕ್ಕೆ ಸರಿದ.

ನಮ್ಮತ್ತೆಗೆ ಹೆಮ್ಮೆಯೋ ಹೆಮ್ಮೆ. ಮಹಾರಾಜರು ಕೂತಿದ್ದ ಜಾಗ ಅದು, ನಮ್ಮ ಹಾಲು ಕುಡಿಯುವವರು ಅಲ್ಲಿ ಕೂತಿದ್ದಾರೆ ಎಂದು ಊರಿಗೆಲ್ಲ ಹೇಳಿದಳು. ಅವರಿಗೆ ಮಾತ್ರ ಅದು ಹಿಡಿಸಲಿಲ್ಲ. ದಿನಕ್ಕೊಂದು ಕಡೆ ರಿಬ್ಬನ್ನು ಕತ್ತರಿಸುವ ಕೆಲಸ. ಒಂದು ದಿನ ಜೇಬಿನಿಂದ ಎರಡು ಮೂರು ಕೆಂಪು ತುಂಡು ತೆಗೆದು, ಇವತ್ತಿನ ಸಂಪಾದನೆ ಎಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಸುವಿನ ಕೊಂಬಿಗೆ ಕಟ್ಟಿದೆ. ಅವರು ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ.

ಇದಾದ ವಾರದೊಳಗೆ ನಮ್ಮೂರ ಚಾವಡಿಯ ಗೋಡೆಗೆ ಒಂದು ಕಾಗದ ಅಂಟಿಸಿದರು. ನಾನು ಎಂಟನೆಯ ಕ್ಲಾಸಿನವರೆಗೆ ಓದಿದವಳು, ಊರಿನಲ್ಲಿ ಕಾಗದ ಬಂದರೆ ನನ್ನನ್ನೇ ಕರೆಯುತ್ತಿದ್ದರು. ಹೋಗಿ ಓದಿದೆ. ಹೊಸ ಬಡಾವಣೆಗೆ ಬೇಕಾದ ಜಮೀನುಗಳ ಪಟ್ಟಿ, ಸರ್ವೆ ನಂಬರುಗಳು. ನಾಲ್ಕನೆಯದು ನಮ್ಮದು. ಮಧ್ಯದಲ್ಲಿ ಕಾನೂನಿನ ಬಿಗಿ ಕನ್ನಡ ಒಂದು ಪುಟದಷ್ಟಿತ್ತು, ಅದನ್ನು ಬಿಟ್ಟು ಕೆಳಗೆ ಹೋದೆ. ಕೊನೆಯಲ್ಲಿ, ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ ಎಂದಿತ್ತು. ಗಟ್ಟಿಯಾಗಿ ಓದಿಬಿಟ್ಟೆ. ಹಿಂದೆ ನಿಂತಿದ್ದವರೆಲ್ಲ ನನ್ನ ಮುಖ ನೋಡಿದರು.

ನಮ್ಮದು ಎರಡೆಕರೆ. ರಾಗಿ, ಒಂದಿಷ್ಟು ಕನಕಾಂಬರ, ಒಂದು ಬಾವಿ. ಬಾವಿಯ ಹಿಂದೆ ನನ್ನ ಗಂಡನ ಸಮಾಧಿ. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು. ಗಂಡ ತೀರಿಕೊಂಡು ಆಗ ಮೂರು ವರ್ಷ. ಹಿರಿಯರ ಹಬ್ಬದಲ್ಲಿ ಅಲ್ಲಿಯೇ ಎಡೆ ಇಡುತ್ತಿದ್ದೆವು. ನಾನು ಕಳೆ ತೆಗೆಯುತ್ತ ಆ ಕಡೆ ಹೋದಾಗ ಮನೆಯ ವಿಷಯ ಹೇಳುತ್ತಿದ್ದೆ, ಕೇಳಿಸುತ್ತದೆ ಎಂದು ನಂಬಿ ಏನೂ ಅಲ್ಲ, ಹೇಳಿದರೆ ಮುಂದಿನ ಕೆಲಸ ಮಾಡಲು ಆಗುತ್ತಿತ್ತು.

ಮಾರನೆಯ ದಿನದಿಂದ ಅವರ ಮನೆಗೆ ಹಾಲು ನಿಲ್ಲಿಸಿದೆವು. ಅತ್ತೆ ಹೇಳಿದಳು ಎಂದಲ್ಲ, ನನಗೂ ಹೋಗಲು ಕಾಲು ಬರಲಿಲ್ಲ. ಓದದೆ ಯಾವುದಕ್ಕೂ ಸಹಿ ಹಾಕದವರು, ನಮ್ಮ ಹೊಲದ ಕಾಗದವನ್ನೂ ಓದಿಯೇ ಸಹಿ ಹಾಕಿರಬೇಕಲ್ಲ ಎಂಬುದೇ ನನ್ನ ತಲೆಯಲ್ಲಿ ಇದ್ದದ್ದು.

ನಾಲ್ಕನೆಯ ದಿನ ಅವರೇ ಬಂದರು. ಪೊಲೀಸಿನವನನ್ನು ಮನೆಯಲ್ಲೇ ಬಿಟ್ಟು, ಕೈಯಲ್ಲಿ ಚೊಂಬು ಹಿಡಿದು, ಬದುವಿನ ಮೇಲೆ ಒಬ್ಬರೇ ನಡೆದು ಬರುತ್ತಿದ್ದರು. ಹಸುವಿಗೆ ಏನಾದರೂ ಆಯಿತೇ ಎಂದು ಕೇಳಿದರು. ಅತ್ತೆ ಹುಲ್ಲಿನ ಹೊರೆ ಕೆಳಗೆ ಹಾಕಿ ಎದುರಿಗೆ ನಿಂತಳು.

"ಏನ್ ಬುದ್ಧಿ, ಹಸೀನ ಹಾಲು ಕುಡ್ದಿದ್ದು ಸಾಲ್ದೇನೋ, ಹಸ ಮೇಯೋ ನೆಲಾನೂ ಬೇಕಾಯ್ತಾ?"

ಅವರಿಗೆ ಅರ್ಥವಾಗಲಿಲ್ಲ. ನಾನು ಚಾವಡಿಯ ಕಾಗದದ ವಿಷಯ ಹೇಳಿದೆ. ಅದರದೊಂದು ಪ್ರತಿ ನಮ್ಮ ಮನೆಗೂ ಬಂದಿತ್ತು, ತಂದುಕೊಟ್ಟೆ. ಅವರು ಬಾವಿಯ ಕಟ್ಟೆಯ ಮೇಲೆ ಕೂತು ಎರಡು ಸಲ ಓದಿದರು. ಅಂಥ ಕಾಗದಗಳು ರಾಜ್ಯಪಾಲರ ಹೆಸರಿನಲ್ಲಿ ದಿನಾ ಹೊರಡುತ್ತವೆ, ಸಹಿ ಹಾಕುವವರು ಬೇರೆ ಅಧಿಕಾರಿಗಳು, ರಾಜ್ಯಪಾಲರ ಕಣ್ಣಿಗೂ ಬೀಳುವುದಿಲ್ಲ ಎಂಬುದು ನನಗೆ ಆಮೇಲೆ ದಫೇದಾರರಿಂದ ಗೊತ್ತಾಯಿತು. ಅವರು ಅದನ್ನೇ ಹೇಳಿ ಎದ್ದು ಹೋಗಬಹುದಿತ್ತು.

"ನಾನಿದನ್ನ ನೋಡಿರ್ಲಿಲ್ಲ" ಎಂದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಆದ್ರೆ ನನ್ನ ಹೆಸರಿದೆ. ನೋಡಿಲ್ಲ ಅಂತ ನಿಮ್ಮೆದುರಿಗೆ ಹೇಳೋಕೆ ನಾಚಿಕೆ ಆಗತ್ತೆ" ಎಂದರು.

ಹಾಗಾದರೆ ನಿಲ್ಲಿಸಿ ಎಂದಳು ಅತ್ತೆ. ಆಗುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಮಂತ್ರಿಗಳು ಹೇಳಿದಂತೆ ರಾಜ್ಯಪಾಲರು ನಡೆಯಬೇಕು, ಯಾಕೆ ಎಂದು ಕೇಳಬಹುದು, ಬೇಡ ಎನ್ನುವಂತಿಲ್ಲ. ನಾಳೆ ಕೋರ್ಟಿಗೆ ವಾಪಸು ಹೋದ ಮೇಲೆ ಈ ಜಮೀನಿನ ಕೇಸು ಬಂದರೂ ಅವರು ಕೂರುವಂತಿಲ್ಲ, ಅವರ ಹೆಸರಿನ ಆಜ್ಞೆಯನ್ನು ಅವರೇ ವಿಚಾರಿಸುವುದು ಹೇಗೆ.

"ಏನೂ ಮಾಡಂಗಿಲ್ಲ ಅಂದ್ಮೇಲೆ ನಿಮ್ ಹೆಸ್ರು ಯಾಕ್ ಆಕ್ತಾರೆ?" ಎಂದು ಅತ್ತೆ ಕೇಳಿದಳು.

"ನಾನೂ ಈಗ ಅದನ್ನೇ ಯೋಚ್ನೆ ಮಾಡ್ತಿದೀನಿ, ತಾಯಿ."

ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು, ಮಧ್ಯದ ಭಾಗ ಓದಿ ಎಂದರು. ಅದು ಬರುವುದಿಲ್ಲ ಎಂದೆ. ಬರುತ್ತದೆ, ನಿಧಾನವಾಗಿ ಓದಿ ಎಂದರು. ಒಂದೊಂದೇ ಪದ ಕೂಡಿಸಿಕೊಂಡು ಓದಿದೆ. ಜಮೀನಿನಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಮೂವತ್ತು ದಿನಗಳೊಳಗೆ ಲಿಖಿತ ತಕರಾರು ಸಲ್ಲಿಸಬಹುದು ಎಂದಿತ್ತು. ಊರಿಗೆಲ್ಲ ಓದಿ ಹೇಳಿದವಳು ನಾನು, ಆ ಒಂದು ಸಾಲು ಬಿಟ್ಟಿದ್ದೆ. ಅದರಲ್ಲಿ ಐದು ದಿನ ಆಗಲೇ ಕಳೆದಿತ್ತು.

ನಿಮಗೆ ಏನು ಬೇಕು ಎಂದು ಕೇಳಿದರು. ಹೊಲ ಬೇಕು ಎಂದೆ. ಅದು ಸಿಗದೇ ಹೋದರೆ ಎಂದರು. ಒಂದೆಕರೆಯಾದರೂ ಎಂದೆ. ಅದೂ ಸಿಗದೇ ಹೋದರೆ ಎಂದರು. ಬಾವಿ ಎಂದೆ. ಮತ್ತೆ ಅದೇ ಪ್ರಶ್ನೆ. ನನಗೆ ಸಿಟ್ಟು ಬಂತು. ಸಮಾಧಿಯ ಕಡೆ ಕೈ ತೋರಿಸಿದೆ.

"ಅದೂ ಸಿಗದೇ ಹೋದ್ರೆ?"

"ಅದು ಸಿಗದೇ ಹೋಗಂಗಿಲ್ಲ ಸ್ವಾಮಿ."

"ಹಾಗಾದ್ರೆ ಅದನ್ನ ಬರೀರಿ."

ನೀವೇ ಬರೆದುಕೊಡಿ ಎಂದು ಕೇಳಿದೆ. ತಾವು ಬರೆದರೆ ಅದು ತಕರಾರು ಆಗುವುದಿಲ್ಲ, ಶಿಫಾರಸು ಆಗುತ್ತದೆ ಎಂದರು. ಅಧಿಕಾರಿಗೂ ಒಂದು ಮಾತು ಹೇಳುವುದಿಲ್ಲ, ನಿಮಗೆ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ ಎಂದರು. ನಾನು ಚೊಂಬಿಗೆ ಹಾಲು ಕರೆಯಲು ಹೋದೆ. ಬೇಡ ಎಂದರು. ತಕರಾರು ತೀರ್ಮಾನ ಆಗುವವರೆಗೆ ನಿಮ್ಮ ಮನೆಯ ಹಾಲು ನಾನು ಕುಡಿಯುವಂತಿಲ್ಲ ಎಂದು ಖಾಲಿ ಚೊಂಬು ಹಿಡಿದು ಬದುವಿನ ಮೇಲೆ ವಾಪಸು ಹೋದರು. ಅತ್ತೆ ಬಹಳ ಹೊತ್ತು ನೋಡುತ್ತ ನಿಂತಿದ್ದಳು. "ಇವ್ನು ನಮ್ ಕಡೆಯವ್ನಾ ಅವ್ರ ಕಡೆಯವ್ನಾ?" ಎಂದು ಕೇಳಿದಳು.

ಮಧ್ಯಾಹ್ನ ಹೊಲದ ಕೆಲಸ ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ಕೂತು ಬರೆದೆ. ಮೊದಲ ಸಲ ಬರೆದದ್ದು ಐದು ಪುಟ, ಅದರಲ್ಲಿ ಬರೀ ಗೋಳು. ಹರಿದುಹಾಕಿದೆ. ಕೊನೆಗೆ ಒಂದು ಪುಟಕ್ಕೆ ಬಂತು. ನಮ್ಮ ಜೀವನ ಈ ಹೊಲದಿಂದ ನಡೆಯುತ್ತದೆ, ಬಿಟ್ಟುಕೊಡಬೇಕು. ಬಿಡಲು ಆಗದಿದ್ದರೆ ನನ್ನ ಗಂಡನ ಸಮಾಧಿ ಇರುವ ಹತ್ತಡಿ ಉದ್ದ ಹತ್ತಡಿ ಅಗಲ ಜಾಗವನ್ನೂ, ಅಲ್ಲಿಗೆ ಹೋಗಲು ದಾರಿಯನ್ನೂ ಬಿಡಬೇಕು. ನಾನು ಬರೆದದ್ದು ನೋಡಿ ಊರವರೂ ಬಂದರು. ಹನ್ನೊಂದು ಮನೆಯವರಿಗೆ ಬರೆದುಕೊಟ್ಟೆ. ಯಾರಿಗೆ ಬರೆಯುವಾಗಲೂ ಮೊದಲು, ಅದು ಸಿಗದೇ ಹೋದರೆ ಎಂದು ಕೇಳುತ್ತಿದ್ದೆ. ಬೈಸಿಕೊಂಡೆ.

ವಿಚಾರಣೆ ಎಂದು ಕರೆದು ಮುಂದಕ್ಕೆ ಹಾಕಿ, ಮತ್ತೆ ಕರೆದು, ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೊಸ ರಾಜ್ಯಪಾಲರು ಬಂದು, ಅವರು ಕೋರ್ಟಿಗೆ ವಾಪಸು ಹೋಗಿದ್ದರು. ಗೇಟಿನ ಪೊಲೀಸಿನವನೂ ಹೋದ. ಅವರು ರಾಜ್ಯಪಾಲರ ಹುದ್ದೆ ಬಿಡುವ ಮುಂಚೆ ಮಂತ್ರಿಗಳಿಗೆ, ಹೊಲಗಳಲ್ಲಿ ಸಮಾಧಿಗಳಿದ್ದರೆ ಏನು ಮಾಡುತ್ತೀರಿ ಎಂದು ಒಂದು ಪ್ರಶ್ನೆ ಬರೆದು ಕಳಿಸಿದ್ದರಂತೆ. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲವಂತೆ. ಅದಕ್ಕೆ ಉತ್ತರ ಬಂದದ್ದು ನನಗೆ ಗೊತ್ತಿಲ್ಲ. ಈ ಎಂಟು ತಿಂಗಳೂ ಅವರ ಮನೆಗೆ ಬೇರೊಬ್ಬ ಹಾಲು ಹಾಕುತ್ತಿದ್ದ. ಒಮ್ಮೆ ಅಮ್ಮಾವರು ಬಸ್ ಸ್ಟಾಪಿನಲ್ಲಿ ಸಿಕ್ಕಿ, "ಬೇಗ ಮುಗ್ಸಮ್ಮ ನಿನ್ನ ಕೇಸು, ನಮ್ಮನೇಲಿ ಕಾಫಿ ಅಂತ ಕುಡಿದು ಎಷ್ಟು ದಿನ ಆಯ್ತು" ಎಂದರು.

ಹೊಲ ಹೋಯಿತು. ಊರಿನ ಎಲ್ಲರದ್ದೂ ಹೋಯಿತು. ಅಳತೆ ಮಾಡಲು ಬಂದ ದಿನ ಅಧಿಕಾರಿ ನನ್ನ ಒಂದು ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. ಚೈನು ಹಿಡಿದವರಿಗೆ ಹೇಳಿ ಪಾರ್ಕಿನ ಮೂಲೆ ಆ ಕಡೆಗೆ ಬರುವಂತೆ ಮಾಡಿ, ಸಮಾಧಿಯ ನಾಲ್ಕು ಕಡೆ ಕಲ್ಲು ನೆಡಿಸಿದ. ಇದನ್ನು ಮುಟ್ಟಬೇಡಿ ಎಂದ. ಬಾವಿಗೆ ಮಣ್ಣು ತುಂಬಿದರು. ಮರುದಿನ ಬೆಳಿಗ್ಗೆ ದಫೇದಾರರು ಬಂದು, ಇವತ್ತಿನಿಂದ ಒಂದು ಸೇರು ಎಂದು ಹೇಳಿ ಹೋದರು. ಖಾಲಿ ಸೈಟುಗಳಲ್ಲಿ ಮೇಯಿಸಿಕೊಂಡು ನಾನು ಹಸು ಇಟ್ಟುಕೊಂಡಿದ್ದೆ. ಜಗಲಿಯ ಮೇಲೆ ಅವರು ನಿಂತಿದ್ದರು. ಹೊಲದ ವಿಷಯ ನನಗೆ ಬೇಸರ ಎಂದರು. ನನಗೆ ಅಳು ಬಂದದ್ದು ಆ ದಿನವೇ.

ನಿವೃತ್ತಿಯಾದ ಮೇಲೆ ಸಂಜೆ ಆ ಪಾರ್ಕಿನವರೆಗೆ ನಡೆದು ಬರುವುದು ಅವರಿಗೆ ರೂಢಿಯಾಯಿತು. ಕಳೆದ ವರ್ಷ ಹಿರಿಯರ ಹಬ್ಬದ ದಿನ ನಾವು ಎಡೆ ಇಡುವಾಗ ದೂರ ನಿಂತಿದ್ದು, ಮುಗಿದ ಮೇಲೆ ಹತ್ತಿರ ಬಂದು, ಈ ಜಾಗ ನಕಾಶೆಯಲ್ಲಿ ಇದೆಯೇ ಎಂದು ಕೇಳಿದರು. ಕಲ್ಲು ಇದೆಯಲ್ಲ ಎಂದೆ. ಕಲ್ಲು ನೆಡಿಸಿದ ಅಧಿಕಾರಿಗೆ ವರ್ಗವಾಗಿದೆ, ಮುಂದೆ ಬರುವವನು ನಕಾಶೆ ನೋಡುತ್ತಾನೆ, ಕಲ್ಲು ನೋಡುವುದಿಲ್ಲ ಎಂದರು. ವಿಚಾರಿಸಿದೆ. ನಕಾಶೆಯಲ್ಲಿ ಅಲ್ಲಿ ಬರೀ ಪಾರ್ಕು ಇತ್ತು.

ಸಮಾಧಿಯ ಜಾಗವನ್ನು ನಕಾಶೆಗೆ ಸೇರಿಸಿ ಎಂದು ಅರ್ಜಿ ಬರೆದೆ. ಈಗ ತಮಗೆ ಯಾವ ಹುದ್ದೆಯೂ ಇಲ್ಲ, ಜೊತೆಗೆ ಬರಬಹುದು ಎಂದು ಅವರೂ ಹೊರಟರು. ನನ್ನಿಂದ ಒಂದು ಮಾತು ತೆಗೆದುಕೊಂಡರು, ಅವರು ಯಾರೆಂದು ಅಲ್ಲಿ ಹೇಳಕೂಡದು. ಬಸ್ಸಿನಲ್ಲಿ ಬಡಾವಣೆಯ ಕಚೇರಿಗೆ ಹೋಗಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆವು. ಗುಮಾಸ್ತ ಅವರನ್ನು ನೋಡಿ, ತಾತ ನಿಮ್ಮದೇನು ಎಂದ. ಇವರ ಜೊತೆ ಬಂದಿದ್ದೇನೆ ಎಂದರು. "ಹಂಗಾದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ ತಾತ, ಗಾಳಿ ಬರ್ಲಿ" ಎಂದ. ಅವರು ಪಕ್ಕಕ್ಕೆ ನಿಂತುಕೊಂಡರು. ನನಗೆ ಬಾಯಿ ಕಟ್ಟಿಕೊಂಡು ನಿಲ್ಲುವುದು ಕಷ್ಟವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ, ಹೆಸರು ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಿಯೇಬಿಟ್ಟೆ.

"ಇವತ್ತು ಕೆಲಸ ಆಗ್ತಿತ್ತು" ಎಂದರು. "ನಾಳೆ ಇನ್ಯಾರೋ ಬಂದು ಇನ್ನೂ ದೊಡ್ಡ ಹೆಸರು ಹೇಳಿ ಅಳಿಸ್ತಿದ್ರು. ನಿಮ್ಮ ಹೆಸರಲ್ಲೇ ಆಗ್ಲಿ, ಗೌರಮ್ಮ."

ಹಾಗೆ ಮೂರು ಸಲ ಹೋದೆವು. ಮೂರನೆಯ ಸಲ ಅವರಿಗೆ ನಿಲ್ಲಲು ಆಗದೆ ಮೆಟ್ಟಿಲಿನ ಮೇಲೆ ಕೂತಿದ್ದರು. ನಾಲ್ಕನೆಯ ಸಲಕ್ಕೆ ಒಂದು ತಾರೀಕು ಕೊಟ್ಟರು. ಆ ತಾರೀಕಿಗೆ ಐದು ದಿನ ಮುಂಚೆ, ಬೆಳಿಗ್ಗೆ ಕಾಫಿ ಕುಡಿದು ಪತ್ರಿಕೆ ಹಿಡಿದು ಕೂತವರು ಹಾಗೆಯೇ ಹೋದರು. ಮನೆಯ ಮುಂದೆ ಮತ್ತೆ ಪೊಲೀಸಿನವರು, ಬಾವುಟದ ಕಾರುಗಳು. ನಾನು ಗೇಟಿನ ಹೊರಗೆ ನಿಂತಿದ್ದೆ. ಅಮ್ಮಾವರು ನೋಡಿ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಮಲಗಿಸಿದ್ದ ಅವರ ಪಾದ ಮುಟ್ಟಿ ಬಂದೆ.

ಆ ತಾರೀಕಿನ ದಿನ ಹೊರಟಾಗ ಅತ್ತೆ, ಇವತ್ತೇ ಹೋಗಬೇಕೇ ಎಂದಳು. ಹೋಗಬೇಕು ಎಂದೆ. ಗುಮಾಸ್ತ ನನ್ನ ಕಾಗದ ತೆಗೆದುಕೊಂಡು ಹಿಂದೆ ಮುಂದೆ ನೋಡಿ, ಆ ತಾತ ಬರಲಿಲ್ಲವೇ ಎಂದ. ತೀರಿಕೊಂಡರು ಎಂದೆ. ಅವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

"ನಿಮಗೇನಾಗ್ಬೇಕಿತ್ತಮ್ಮ ಅವ್ರು?"

ಅವರ ಮನೆಗೆ ಹಾಲು ಹಾಕುತ್ತಿದ್ದೆ ಎಂದೆ. ಮಾತು ಕೊಟ್ಟಿದ್ದರಿಂದ ಬೇರೇನೂ ಹೇಳಲಿಲ್ಲ. ಸಾಹೇಬರು ರಜೆಯಲ್ಲಿದ್ದಾರೆ, ಮುಂದಿನ ತಿಂಗಳು ಬನ್ನಿ ಎಂದು ಅವನು ಮೆಲ್ಲಗೆ ಹೇಳಿ, ಸ್ವೀಕೃತಿಯ ಮೊಹರು ಹಾಕಿಕೊಟ್ಟ. ಮೊಹರಿನಲ್ಲಿ ಏನಿದೆ ಎಂದು ಅಲ್ಲೇ ನಿಂತು ಪೂರ್ತಿ ಓದಿದೆ. ಹಿಂದಿನವರು ಬೇಗ ಎಂದರು. ಓದಿ ಮುಗಿಸಿಯೇ ಪಕ್ಕಕ್ಕೆ ಬಂದೆ.

ಮುಂದಿನ ತಿಂಗಳು ಹೋಗುತ್ತೇನೆ. ಅದರ ಮುಂದಿನ ತಿಂಗಳು ಕರೆದರೆ ಆಗಲೂ ಹೋಗುತ್ತೇನೆ. ನಾಲ್ಕು ಕಲ್ಲುಗಳು ಇವೆ. ನಕಾಶೆಯಲ್ಲಿ ಆ ಜಾಗ ಇನ್ನೂ ಇಲ್ಲ.